ಕಲ್ಲಕ್ಕನ ನವೆ, ಬುಗ್ಗೆಯ ನೀರು

ಚಿತ್ರಕಲಾ ಶಾಲೆಯಲ್ಲಿ ಅವರನ್ನು ಎಲ್ಲರೂ ಕಲ್ಲಕ್ಕ ಎಂದೇ ಕರೆಯುತ್ತಾರೆ. ಮದುವೆಯಾದ ವರ್ಷದಿಂದಲೂ ಅವರದು ಒಂದೇ ಕೆಲಸ. ಕಿಟಕಿ ಪಕ್ಕದ ಮರದ ಪೀಠದ ಮೇಲೆ ಅಲುಗಾಡದೆ ಕೂರಬೇಕು, ಸುತ್ತ ನಿಂತ ವಿದ್ಯಾರ್ಥಿಗಳು ಅವರ ಚಿತ್ರ ಬರೆಯಬೇಕು. ಮೇಷ್ಟ್ರು ‘ಸಾಕು’ ಎನ್ನುವವರೆಗೆ ಏಳುವಂತಿಲ್ಲ. ಮೂಗಿನ ಮೇಲೆ ನೊಣ ಕೂತು, ತಿರುಗಾಡಿ, ಬೇಸರವಾಗಿ ತಾನೇ ಹಾರಿಹೋದ ದಿನವೂ ಕಲ್ಲಕ್ಕ ಮಿಸುಕಿರಲಿಲ್ಲ.

ಆ ಹೆಸರಿಗೆ ಕುತ್ತು ತಂದದ್ದು ಸೋರಿಯಾಸಿಸ್. ಮೊಣಕೈ, ಬೆನ್ನು, ಕಾಲುಗಳಲ್ಲಿ ಕೆಂಪು ಮಚ್ಚೆಗಳೆದ್ದು ಬಿಳಿ ಹೊಟ್ಟು ಉದುರತೊಡಗಿತು. ಅಂಟುವ ಕಾಯಿಲೆಯಲ್ಲ ಎಂದು ವಿದ್ಯಾರ್ಥಿಗಳಿಗೆ ಅವರೇ ತಿಳಿಸಿ ಹೇಳಿದ್ದರು. ಮಚ್ಚೆ ಕಾಣುವುದರ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ. ತಡೆಯಲಾಗದ್ದು ನವೆ. ಒಂದು ದಿನ ಪಾಠದ ನಡುವೆ ಕೈ ತಾನಾಗಿ ಬೆನ್ನಿಗೆ ಹೋಗಿ ಪರಪರ ಕೆರೆಯಿತು.

“ಕಲ್ಲಕ್ಕ, ನನ್ನ ಚಿತ್ರದಲ್ಲಿ ನಿಮಗೀಗ ಮೂರು ಕೈ!” ಎಂದು ಮೂಲೆಯ ಹುಡುಗಿ ನಕ್ಕಳು.

ಮೇಷ್ಟ್ರು ನಗಲಿಲ್ಲ. “ಪರೀಕ್ಷೆಗೆ ಪ್ಲಾಸ್ಟರ್ ಬೊಂಬೆ ಇಡೋಣ ಅಂತಿದೀನಮ್ಮ. ನಿಮಗೂ ಆರಾಮ.”

“ಬೊಂಬೆ ಉಸಿರಾಡತ್ತಾ ಮೇಷ್ಟ್ರೇ? ನಾನೇ ಬರ್ತೀನಿ.”

ಹೇಳಿದ್ದೇನೋ ಹೇಳಿಬಿಟ್ಟರು. ಬೊಂಬೆ ಒಮ್ಮೆ ಪೀಠ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಚರ್ಮದ ಡಾಕ್ಟರು ಬಿಸಿನೀರಿನ ಬುಗ್ಗೆಗೆ ಹೋಗಿಬರಲು ಒಪ್ಪಿದರು. “ಕಾಯಿಲೆ ಹೋಗತ್ತೆ ಅಂದ್ಕೋಬೇಡಿ. ನವೆ ತಗ್ಗಬಹುದು. ಮುಲಾಮು ಮಾತ್ರ ಬಿಡಬೇಡಿ” ಎಂದರು. ಬಸ್ ಮೆಕ್ಯಾನಿಕ್ ಆಗಿರುವ ಗಂಡ ರಜೆ ಹಾಕಿ ಜೊತೆಗೆ ಹೊರಟರು.

ಬುಗ್ಗೆಯ ನೀರನ್ನು ಹದವಾಗಿ ಆರಿಸಿ ಒಂದು ಕೊಳಕ್ಕೆ ಬಿಟ್ಟಿದ್ದರು. ಗಂಧಕದ ವಾಸನೆಗೆ ಬಾಗಿಲಲ್ಲೇ ಗಂಡ ಮೂಗು ಮುಚ್ಚಿಕೊಂಡರು: “ಯಾರೋ ಕೊಳೆತ ಮೊಟ್ಟೆ ಒಡೆದಿದಾರೆ ಕಣೇ.” ಕಲ್ಲಕ್ಕನಿಗೆ ಅದಾವುದೂ ಕೇಳಿಸಲಿಲ್ಲ. ನೀರು ಕುತ್ತಿಗೆಗೆ ಬರುತ್ತಿದ್ದಂತೆ, ಇಡೀ ದಿನ ಅರಚುತ್ತಿದ್ದ ರೇಡಿಯೊವನ್ನು ಯಾರೋ ಆರಿಸಿದಂತೆ, ನವೆ ನಿಂತುಹೋಯಿತು. ಗಲ್ಲ ಎತ್ತಿ, ಕೈಗಳನ್ನು ಮಂಡಿಯ ಮೇಲಿಟ್ಟು, ಪೀಠದ ಮೇಲೆ ಕೂರುವಂತೆಯೇ ಕೂತರು. ಹೊತ್ತು ಮುಗಿದ ಗಂಟೆ ಹೊಡೆಯಿತು. ಉಳಿದವರು ಎದ್ದುಹೋದರು. ಕಲ್ಲಕ್ಕ ಏಳಲಿಲ್ಲ.

ಸಂಜೆಗೆ ಮೈಯೆಲ್ಲ ಬಿರಿದು ಉರಿಯತೊಡಗಿತು. ನವೆ ಇಮ್ಮಡಿಯಾಯಿತು. ಕೊಳ ನೋಡಿಕೊಳ್ಳುವ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನಮ್ಮ, ನೆನೆಹಾಕಿದ ಕಾಳಾ ನೀವು? ಹೆಚ್ಚು ಹೊತ್ತು ಕೂತ್ರೆ ಚರ್ಮ ಒಣಗತ್ತೆ. ಗಂಟೆ ಕೇಳಿಸಲಿಲ್ವಾ?”

“ಕೇಳಿಸ್ತು. ಆದ್ರೆ ಯಾರೂ ಸಾಕು ಅನ್ನಲಿಲ್ಲ.”

ಗಂಡ ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಹೆಂಗಸಿಗೆ ಶಾಲೆಯ ಸಂಗತಿ ವಿವರಿಸಿದರು. ಮೈ ಸುಧಾರಿಸಿಕೊಂಡು ಮತ್ತೆ ನೀರಿಗಿಳಿದ ದಿನದಿಂದ ಗಂಟೆಯ ಹಿಂದೆಯೇ ಬಾಗಿಲಿನಿಂದ ಆ ಹೆಂಗಸಿನ ಕೂಗೂ ಬರತೊಡಗಿತು: “ಕಲ್ಲಕ್ಕಾ, ಸಾಕೂ!” ಅವರು ತಟ್ಟನೆ ಏಳುವರು. ಟವೆಲ್‌ನಿಂದ ಉಜ್ಜದೆ ಮೈಯನ್ನು ಮೆಲ್ಲಗೆ ಒತ್ತಿಕೊಂಡು, ತೇವ ಆರುವ ಮೊದಲೇ ಮುಲಾಮು ಹಚ್ಚುವರು. ನವೆ ದಿನೇ ದಿನೇ ಇಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕದಲದೆ ನಿದ್ದೆ ಹೋದದ್ದನ್ನು ಕಂಡು ಗಂಡನೇ ಗಾಬರಿಯಿಂದ ಭುಜ ಅಲುಗಿಸಿದರು: “ಕೆರೆಯೋ ಸದ್ದೇ ಇಲ್ವಲ್ಲೇ, ಹುಷಾರಾಗಿದೀಯಾ?”

ಪರೀಕ್ಷೆಯ ದಿನ ಮಚ್ಚೆಗಳು ಮಸುಕಾಗಿದ್ದವು, ಹೋಗಿರಲಿಲ್ಲ. ಪೀಠದ ಪಕ್ಕದಲ್ಲೇ ಬಟ್ಟೆ ಹೊದಿಸಿದ ಬೊಂಬೆ ಕಾಯುತ್ತಿತ್ತು. ಕಲ್ಲಕ್ಕ ಅದರ ತಲೆ ಸವರಿ ಮೇಲೆ ಹತ್ತಿದರು. ಕೋಣೆಯಲ್ಲಿ ಕಾಗದದ ಮೇಲೆ ಇದ್ದಿಲು ಕಡ್ಡಿಗಳ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಕಿಟಕಿಯಾಚೆ ಗಂಡ ಉಗುರು ಕಚ್ಚುತ್ತ ನಿಂತಿದ್ದರು. ನಡುವೆ ಒಮ್ಮೆ ಮೊಣಕೈಯಲ್ಲಿ ನವೆ ತಲೆಯೆತ್ತಿತು. ಕಲ್ಲಕ್ಕ ಕುತ್ತಿಗೆಮಟ್ಟದ ಆ ಬೆಚ್ಚನೆ ನೀರನ್ನು ನೆನೆಸಿಕೊಂಡರು. ನವೆ ಸ್ವಲ್ಪ ಹೊತ್ತು ಕಾದು ಅಡಗಿತು.

“ಸಾಕು” ಎಂದರು ಮೇಷ್ಟ್ರು. ಕಲ್ಲಕ್ಕ ಏಳಲಿಲ್ಲ.

“ಸಾಕು ಅಂದೆ ಕಲ್ಲಕ್ಕ! ಬೊಂಬೇನ ಉಗ್ರಾಣಕ್ಕೆ ಕಳಿಸ್ತಿದೀನಿ, ಏಳಿ.”

“ಕೇಳಿಸ್ತು ಮೇಷ್ಟ್ರೇ,” ತುಟಿಯಷ್ಟೇ ಅಲುಗಿತು. “ಮೂಲೆ ಹುಡುಗಿ ಇನ್ನೂ ಕೈ ಬರೀತಿದಾಳೆ. ಇವತ್ತು ಎರಡೇ ಇವೆ, ಬೇಗ ಮುಗಿಸ್ತಾಳೆ.”