ಆ ಕ್ಲಾಂಪು ಹಿಗ್ಗಿಸಿದವನು ನಾನೇ

ಸುಲೋಚನಾ, ನಮ್ಮ ಕಾರಿಗೆ ಶಿವರಾಜ ಕೂಡಿಸಿದ ಆಲ್ಟರ್ನೇಟರ್ ಸುಟ್ಟದ್ದು ಅವನ ಮೋಸದಿಂದಲ್ಲ. ಅದನ್ನು ಸುಟ್ಟವನು ನಾನು. ಸುಟ್ಟಮೇಲೆ ಅಪ್ಪನ ಮುಂದೆ, ಸೋದರಮಾವನ ಮುಂದೆ, ಬಾಗಿಲ ಮರೆಯಲ್ಲಿ ನಿಂತಿದ್ದ ನಿನ್ನ ಮುಂದೆ ಸುಳ್ಳು ಹೇಳಿದೆ. ನಿನಗೂ ಅವನಿಗೂ ಆಗಬೇಕಿದ್ದ ಲಗ್ನ ಮುರಿದದ್ದು ಆ ಸುಳ್ಳಿನಿಂದಲೇ. ಎದುರಿಗೆ ಕೂತು ಹೇಳೋಣವೆಂದು ಮಂಠಾಳಕ್ಕೆ, ನಿನ್ನ ಮನೆಗೆ ಬಂದಿದ್ದೆ — ನೀನು ಚಹಾ ಕೊಟ್ಟೆ, ಕುಡಿದೆ, ಮಳೆ ಬೆಳೆ ಮಾತಾಡಿ ಎದ್ದುಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸ್ವಭಾವ ನಿನಗೆ ಗೊತ್ತಿದ್ದದ್ದೇ. ಹಾಲಿನವನ ಕ್ಯಾನಿನೊಳಗೆ ಬೆರಳು ಅದ್ದಿ ನೋಡದೆ ಹಾಲು ಕೊಂಡವನಲ್ಲ. ಪೆಟ್ರೋಲ್ ಹಾಕುವವನು ಯಾಕೆ ನಗುತ್ತಾನೆ, ಟೈಲರ್ ಯಾಕೆ ಬೇಗ ಹೊಲಿದುಕೊಟ್ಟ — ಎಲ್ಲದರ ಹಿಂದೆ ಏನೋ ಇದೆಯೆಂದೇ ನನಗೆ ಅನ್ನಿಸುವುದು. "ನಿನಗ ನಿನ್ನ ನೆಳ್ಳಿನ ಮ್ಯಾಲೂ ಶಕ್ ಅದ ನೋಡಪ್ಪ" ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ಕಾರು ನೆನಪಿದೆಯಲ್ಲ? ನಿಜಾಮರ ಆಳ್ವಿಕೆ ಮುಗಿದಾಗ ಊರು ಬಿಟ್ಟುಹೋದ ಯಾವನೋ ಅಧಿಕಾರಿಯಿಂದ ಅಪ್ಪ ಕೊಂಡ ವಿಲಾಯತಿ ಗಾಡಿ. ಬಸವಕಲ್ಯಾಣದಲ್ಲಿ ಅರ್ಧ ಮದುಮಕ್ಕಳು ಅದರಲ್ಲೇ ಕೂತು ಮೆರೆದರು. ಆದರೆ ಅದರ ಡೈನಮೋ ಹಳೆಯದು. ಗಾಡಿ ಜೋರಾಗಿ ಓಡಿದರೆ ಮಾತ್ರ ಬ್ಯಾಟರಿಗೆ ಚಾರ್ಜು. ಮೆರವಣಿಗೆಯಲ್ಲಿ ಎಲ್ಲಿಯ ಜೋರು? ಬ್ಯಾಂಡಿನವರ ಹಿಂದೆ ಇರುವೆಯ ಹಾಗೆ ಹೋಗಬೇಕು, ಮೇಲೆ ಲೈಟೂ ಹಚ್ಚಿರಬೇಕು. ಸ್ವಲ್ಪ ಹೊತ್ತಿಗೆ ಲೈಟು ಕೆಂಪಾಗಿ, ಮಂಕಾಗಿ, ಗಾಡಿ ನಿಂತುಬಿಡುತ್ತಿತ್ತು. ಪೇಟಾ ಕಟ್ಟಿದ ಮದುಮಗನೇ ಇಳಿದು ತಳ್ಳಿದ ದಿನ ಅಪ್ಪ ನಾಚಿಕೆಯಿಂದ ಊಟ ಬಿಟ್ಟಿದ್ದ.

ಶಿವರಾಜ ಆಗ ಹೈದರಾಬಾದಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಕಲಿತು ಬಂದು ಹುಮನಾಬಾದಿನ ರಸ್ತೆ ಬದಿಗೆ ಅಂಗಡಿ ತೆರೆದಿದ್ದ. ಅವ್ವನ ತವರಿನ ಸಂಬಂಧ. ನಿನ್ನ ಮಾತುಕತೆ ಅವನೊಂದಿಗೆ ಹೆಚ್ಚುಕಡಿಮೆ ಕೂಡಿತ್ತು. "ಡೈನಮೋ ತೆಗೆದು ಆಲ್ಟರ್ನೇಟರ್ ಹಾಕ್ತೀನ್ರಿ ಮಾವಾರ. ಗಾಡಿ ಹೆಜ್ಜಿ ಹೆಜ್ಜಿ ನಡದ್ರೂ ಚಾರ್ಜ್ ಆಗ್ತದ" ಎಂದು ತಾನಾಗಿಯೇ ಬಂದ. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ಒಂದನ್ನು ಹುಡುಕಿ ತಂದಿದ್ದ. ನಮ್ಮ ಅಂಗಳದಲ್ಲೇ ಕೆಲಸ. ಅವನ ಬಾಯಿ ದೊಡ್ಡದು, ನಗೆ ಅದಕ್ಕಿಂತ ದೊಡ್ಡದು. ಕೆಲಸ ಮಾಡುತ್ತ ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ನೀನು ಚಹಾ ಒಯ್ದುಕೊಟ್ಟು ಸುಮ್ಮನೆ ಬರದೆ ಎರಡು ಮಾತಾಡಿ ಬರುತ್ತಿದ್ದೆ. ಆ ದಿನಗಳಲ್ಲಿ ನೀನು ನಕ್ಕ ಹಾಗೆ ಆಮೇಲೆ ನಕ್ಕದ್ದನ್ನು ನಾನು ನೋಡಿಲ್ಲ.

ನನಗೋ — ಅವನು ಕೂಲಿ ಯಾಕೆ ಕೇಳಲಿಲ್ಲ? ಹಳೇ ಆಲ್ಟರ್ನೇಟರ್ ಯಾವ ಗಾಡಿಯದು, ಯಾರ ಗಾಡಿಯಿಂದ ಬಿಚ್ಚಿದ್ದು? ನಮ್ಮ ಡೈನಮೋವನ್ನು "ಇದು ನನ್ನ ಹಂತ್ಯಾಕ ಇರ್ಲಿ" ಎಂದು ಚೀಲಕ್ಕೆ ಹಾಕಿಕೊಂಡದ್ದು ಯಾಕೆ? ಮನಸ್ಸಿನ ತುಂಬ ಇವೇ.

ಹೋಗುವಾಗ ಅವನು ಬಾನೆಟ್ ತೆರೆದಿಟ್ಟುಕೊಂಡು ನನಗೆ ಬಿಡಿಸಿ ಹೇಳಿದ. "ಅಣ್ಣಾರ, ಈ ಗಾಡ್ಯಾಗ ಮೊದಲ ಬ್ಯಾಟರಿ ಪ್ಲಸ್ ವೈರ್ ಗಾಡಿ ಬಾಡಿಗಿ, ಅದರ ಕಬ್ಬಿಣದ ಮೈಗಿ, ಕೂಡಿತ್ತು. ಆಲ್ಟರ್ನೇಟರ್‌ಗಿ ಅದು ನಡಿಯಂಗಿಲ್ಲ. ಈಗ ಮೈನಸ್ ವೈರ್ ಬಾಡಿಗಿ ಕೊಟ್ಟೀನಿ. ಮರತು ಹಿಂದಿನಂಗ ಹಚ್ಚೀರಿ ಮತ್ತ, ಸುಟ್ಟು ಹೋಗ್ತದ." ನಾನು ಹೂಂ ಅಂದೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎನ್ನುವ ಹಾಗಿಲ್ಲ, ತಂಗಿ. ಚೆನ್ನಾಗಿ ಕೇಳಿಸಿತ್ತು.

ಕೇಳಿಸಿತ್ತು, ನಂಬಲಿಲ್ಲ. ಬ್ಯಾಟರಿಯ ದಪ್ಪ ಕಂಬ ಪ್ಲಸ್, ಅದರ ವೈರು ಗಾಡಿಯ ಬಾಡಿಗೆ — ಇದು ಅಪ್ಪ ನನಗೆ ಮೊದಲು ಕಲಿಸಿದ ಪಾಠ. ಇವನು ಬೇಕೆಂದೇ ಉಲ್ಟಾ ಮಾಡಿದ್ದಾನೆ. ನಾಲ್ಕು ದಿನಕ್ಕೆ ಗಾಡಿ ಕೆಡಬೇಕು, ನಾವು ಇವನ ಕೈಕಾಲು ಹಿಡಿಯಬೇಕು, ಮನೆಯಲ್ಲಿ ಇವನದೇ ನಡೆಯಬೇಕು... ಅಪ್ಪ ನಿರ್ಣಾ ಊರಿಗೆ ಹೋದ ದಿನ ಬಾನೆಟ್ ತೆರೆದೆ. ವೈರು ಬಿಚ್ಚಿ ಅದಲುಬದಲು ಮಾಡಹೋದರೆ ಬಾಡಿಯ ವೈರಿನ ತುದಿಯ ಕ್ಲಾಂಪು ದಪ್ಪ ಕಂಬಕ್ಕೆ ಹೋಗಲೊಲ್ಲದು. ಅವನು ಹೊಸದು ಹಾಕಿದ್ದ, ಸಣ್ಣ ಕಂಬದ ಅಳತೆಯದು. ಅಲ್ಲಿಗಾದರೂ ಕೈ ನಿಲ್ಲಬೇಕಿತ್ತು. ನಾನು ಸ್ಕ್ರೂಡ್ರೈವರ್ ತೂರಿಸಿ ಕ್ಲಾಂಪಿನ ಬಾಯಿ ಹಿಗ್ಗಿಸಿ ಕೂಡಿಸಿದೆ. ಇನ್ನೊಂದು ವೈರು ಮುಟ್ಟಿಸಿದ್ದೇ ತಡ, ಛಟ್ ಎಂದು ಕಿಡಿ. ಆಲ್ಟರ್ನೇಟರ್ ಒಳಗಿಂದ ಹೊಗೆ. ಎಳೆದು ಕಿತ್ತೆ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಆಮೇಲೆ ನಾನು ಮಾಡಿದ್ದು — ಅದೇ ನಿಜವಾದ ಪಾಪ. ವೈರುಗಳನ್ನು ಶಿವರಾಜ ಇಟ್ಟ ಹಾಗೆಯೇ ತಿರುಗಿ ಇಟ್ಟೆ. ಕ್ಲಾಂಪನ್ನು ಇಕ್ಕಳದಿಂದ ಒತ್ತಿದೆ. ಬಟ್ಟೆಯಿಂದ ಒರೆಸಿದೆ. ಸಂಜೆ ಅಪ್ಪ ಬಂದಾಗ, "ಚಾಲೂ ಮಾಡಿದ್ದೆ, ಹೊಗಿ ಬಂತು. ಭಂಗಾರ್, ಗುಜರಿ ಮಾಲ್ ಹಾಕಿ ಹೋಗ್ಯಾನ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಸುದ್ದಿ ಕೇಳಿ ಶಿವರಾಜ ಓಡಿಬಂದ. ಸೋದರಮಾವನೂ ಬಂದಿದ್ದ. ಬಾನೆಟ್ ಒಳಗೆ ಬಗ್ಗಿ ನೋಡಿದ ಶಿವರಾಜ ಕ್ಲಾಂಪಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದ.

"ಅಣ್ಣಾರ, ಬ್ಯಾಟರಿಗಿ ಕೈ ಹಚ್ಚಿದ್ರೇನು? ಖರೇ ಹೇಳ್ರಿ. ಹಚ್ಚಿದ್ರ ಹಚ್ಚೀನಿ ಅನ್ರಿ, ನಾ ಮತ್ತೊಂದು ತಂದು ಹಾಕ್ತೀನಿ."

ಇಷ್ಟು ಸುಲಭದ ದಾರಿ ಬಿಟ್ಟುಕೊಟ್ಟಿದ್ದ. ನಾನು "ಇಲ್ಲ" ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಅಪ್ಪನ ಕಡೆ ತಿರುಗಿ, "ಗಾಡಿಗೇ ಖೊಟ್ಟಿ ಮಾಲ್ ಹಾಕಾವ್ಗ ಹುಡಿಗಿ ಕೊಡ್ತೀರೇನು?" ಅಂದೆ.

ಅವನಿಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬೀಸಿ ಒಗೆದ. "ಈ ಮನ್ಯಾಗ ಮನಷ್ಯಾನ ಮಾತಿಗಿ ಕಿಮ್ಮತ್ತೇ ಇಲ್ಲ!" ಎಂದು ಅಪ್ಪನ ಎದುರೇ ಚೀರಿ ಹೊರಟುಹೋದ. ಹಿರಿಯರಿಗೆ ಆ ಸಿಟ್ಟೇ ಸಾಕ್ಷಿಯಾಯಿತು. ತಪ್ಪು ಮಾಡದವನು ಇಷ್ಟು ಹಾರಾಡುತ್ತಾನೆಯೇ ಎಂದ ಸೋದರಮಾವ. ನಾನು ಹೌದೆಂದು ತಲೆಯಾಡಿಸಿದೆ.

ನೀನು ಅಳಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತ ಒಂದೇ ಮಾತು ಕೇಳಿದೆ. "ಅಣ್ಣಾ, ಅವರು ಖರೇನ ಹಂಗ ಮಾಡ್ಯಾರ?" "ನನ್ನ ಮ್ಯಾಲೆ ಭರೋಸಾ ಇಲ್ಲೇನು ನಿನಗ?" ಅಂದೆ. ನೀನು ಹಿಟ್ಟಿನ ಮುದ್ದೆ ಮಗುಚಿ, "ಹಂಗಾದ್ರ ನನಗ ಮನಷ್ಯಾರು ತಿಳಿಯಂಗಿಲ್ಲ ನೋಡು" ಅಂದೆ.

ಮಂಠಾಳದಿಂದ ಬಂದ ಗಂಡನ್ನು ಒಪ್ಪಲೇ ಎಂದು ನನ್ನನ್ನೇ ಕೇಳಿದೆ. ಆಮೇಲೆ ಎಲ್ಲವೂ ನನ್ನನ್ನೇ — ಆಳು ಇಟ್ಟುಕೊಳ್ಳಲೇ, ಎಮ್ಮೆ ಕೊಳ್ಳಲೇ, ಮಗಳು ಗೀತಾಳನ್ನು ಯಾವ ಶಾಲೆಗೆ ಹಾಕಲಿ, ಪಕ್ಕದ ಮನೆಯವಳ ಮಾತು ನಂಬಲೇ. ಊರೊಳಗೆ ನಾನು ಎದೆ ಉಬ್ಬಿಸಿ ಹೇಳಿಕೊಂಡು ತಿರುಗಿದೆ, ನನ್ನ ತಂಗಿ ನನ್ನನ್ನು ಕೇಳದೆ ಒಂದು ಹೆಜ್ಜೆ ಇಡುವುದಿಲ್ಲ ಎಂದು. ನಾಚಿಕೆಗೆಟ್ಟವನು. ನಿನ್ನ ಗಂಡ ಒಳ್ಳೆಯ ಮನುಷ್ಯ. ಅದನ್ನೇ ಹಿಡಿದುಕೊಂಡು, ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಆದರೆ ನಾನು ಕಸಿದದ್ದು ಒಬ್ಬ ಗಂಡನ್ನಷ್ಟೇ ಅಲ್ಲವಲ್ಲ.

ಶಿವರಾಜ ಈಗಲೂ ಹುಮನಾಬಾದಿನಲ್ಲೇ ಇದ್ದಾನೆ. ಅವನು ಖೊಟ್ಟಿ ಮಾಲು ಹಾಕುತ್ತಾನೆಂದು ಪೆಟ್ರೋಲ್ ಪಂಪಿನಲ್ಲಿ ನಾನು ಸಾರಿದ್ದರಿಂದ ನಮ್ಮ ಕಡೆಯ ಗಾಡಿಗಳು ಬಹಳ ಕಾಲ ಅವನ ಅಂಗಡಿಗೆ ಹೋಗಲಿಲ್ಲ. ಅದರ ಮುಂದೆ ಹಾದುಹೋಗುವಾಗ ನಾನು ಬೇರೆ ಕಡೆ ಮುಖ ತಿರುವುತ್ತೇನೆ. ಎಲ್ಲಿ ಆ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿಬಿಡುತ್ತಾನೋ ಎಂಬ ಭಯ. ಎಲ್ಲರನ್ನೂ ಸಂಶಯಿಸಿದವನು ನನ್ನನ್ನೊಬ್ಬನನ್ನು ಬಿಟ್ಟಿದ್ದೆ. ಈ ಸಂತೆಯ ದಿನ ಅಲ್ಲಿಗೆ ಹೋಗುತ್ತೇನೆ. ಗಿರಾಕಿಗಳು ನಿಂತಿರುವಾಗಲೇ ಹೇಳುತ್ತೇನೆ. ಬೈದರೆ ಬೈಯಲಿ, ಪಾನಾ ಎಸೆದರೆ ಎಸೆಯಲಿ.

ಮೊನ್ನೆ ನೀನು ಹೇಳಿಕಳಿಸಿದ ಮಾತಿನಿಂದ ನನ್ನ ನಿದ್ದೆ ಹೋಗಿದೆ. ಗೀತಾಳನ್ನು ನೋಡಲು ಮನ್ನಾಏಖೇಳ್ಳಿಯ ಹುಡುಗ ಬರುತ್ತಾನೆ. ಹುಡುಗ ನಿನಗೆ ಒಳ್ಳೆಯವನ ಹಾಗೆ ಕಂಡ, ಗೀತಾಳಿಗೂ ಮನಸ್ಸಿದೆ. ಆದರೆ ಅಣ್ಣ ಒಮ್ಮೆ ನೋಡಿ ಹೂಂ ಅಂದರೆ ಮಾತ್ರ ಮುಂದಿನ ಮಾತು ಅಂದೆಯಂತೆ.

ನಾನು ಬರುವುದಿಲ್ಲ, ಸುಲೋಚನಾ. ಶಿವರಾಜನ ವಿಷಯದಲ್ಲಿ ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು. ಕೆಟ್ಟದ್ದು ನನ್ನ ಕಣ್ಣು. ಹುಡುಗನನ್ನು ನೀನೇ ಕೂಡಿಸಿಕೊಂಡು ಮಾತಾಡು. ಸರಿ ಕಂಡರೆ ನೀನೇ ಹೂಂ ಅನ್ನು. ನನ್ನನ್ನು ಕೇಳಬೇಡ.