ಚಪ್ಪಲಿ ಗೂಡಿನ ರೂಟರುಗಳು

ಆಸ್ಪತ್ರೆಯ ಕಂಪ್ಯೂಟರ್ ದೂರಿನ ಫೋನಿನ ಮುಂದೆ ಕೂತು ಕೂತು ಅತ್ತಿಗೆಯ ಬಾಯಲ್ಲಿ ಒಂದೇ ಮಾತು ಸವೆದುಹೋಗಿತ್ತು: "ಕೇಬಲ್ ತೆಗೆದು ಮತ್ತೆ ಹಾಕಿ ನೋಡಿ." ಅದಕ್ಕೂ ಬಗ್ಗದ ದೂರನ್ನು ನೆಟ್‌ವರ್ಕ್ ಕೋಣೆಗೆ ದಾಟಿಸುವುದು ಅವಳ ಕೆಲಸ, ಅದನ್ನು ಬಗೆಹರಿಸಿ ಮೀಸೆ ತಿರುವುವುದು ಒಳಗಿನವರದು. ಈಗ ಆ ಕೋಣೆಯಲ್ಲೇ ಒಂದು ಜಾಗ ಖಾಲಿಯಾಗಿತ್ತು. ಸೋಮವಾರ ಅಲ್ಲೇ ಪರೀಕ್ಷೆ. ಗೆದ್ದರೆ ಒಳಗೆ, ಸೋತರೆ ಅದೇ ಫೋನು.

ಅವಳ ನಾದಿನಿಗೆ ರೂಟರುಗಳೇ ಹೊಟ್ಟೆಪಾಡು. ಗುಜರಿಗೆ ಹೊರಟಿದ್ದ ನಾಲ್ಕು ಹಳೆಯ ರೂಟರುಗಳನ್ನು ತನ್ನ ಆಫೀಸಿನಿಂದ ಕೇಳಿ ತಂದು ಚಪ್ಪಲಿ ಗೂಡಿನಲ್ಲಿ ಜೋಡಿಸಿದಳು. ಚಪ್ಪಲಿಗಳು ಬಾಗಿಲಾಚೆ ಬಿದ್ದವು. ಅಭ್ಯಾಸದ ನಿಯಮ ಸರಳ: ನಾದಿನಿ ಎಲ್ಲಾದರೂ ಒಂದು ಗಂಟು ಹಾಕುವುದು, ಅತ್ತಿಗೆ ಅದನ್ನು ಬಿಚ್ಚುವುದು. ಗಂಟು ಹಾಕುವುದನ್ನು ನಾದಿನಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶನಿವಾರದ ಗಂಟು ಗಟ್ಟಿಯಾಗಿತ್ತು. ಜಾಲವನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿಗೂ ದಾರಿ ಹೇಳುವ ಬೇರೆ ಬೇರೆ ಭಾಷೆ ಕೊಟ್ಟಿದ್ದಳು. ನಡುವಿನ ಎರಡು ರೂಟರುಗಳು ದುಭಾಷಿಗಳು. ಈ ಕಡೆಯ ದಾರಿಗಳನ್ನು ಆ ಕಡೆಗೆ ಹೇಳಬೇಕು. ಆದರೆ ಈ ತುದಿಯಿಂದ ಕಳಿಸಿದ ಸಂದೇಶ ಆ ತುದಿ ಮುಟ್ಟದೆ ದುಭಾಷಿಗಳ ನಡುವೆಯೇ ಗಿರಗಿರನೆ ಸುತ್ತುತ್ತಿತ್ತು.

ಅತ್ತಿಗೆ ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ. "ಈ ವಿಳಾಸಕ್ಕೆ ಇದೇ ದಾರಿ, ಬೇರೆಯವರ ಮಾತು ಕೇಳಬೇಡ" ಎಂದು ಒಂದು ರೂಟರಿಗೆ ಕೈಯಾರೆ ಬರೆದಳು. ಆ ತುದಿಯಿಂದ ಉತ್ತರ ಬಂತು.

"ಬಂತು ನೋಡೇ!"

ನಾದಿನಿ ಸುಮ್ಮನೆ ಆ ದಾರಿಯ ಕೇಬಲ್ ಕಿತ್ತಳು. ಇನ್ನೊಂದು ದಾರಿ ತೆರೆದೇ ಇದ್ದರೂ ಉತ್ತರ ನಿಂತಿತು. ಮತ್ತೆ ಅದೇ ಸುತ್ತು.

"ತೇಪೆ ಹಾಕಿ ಹೊಸ ಬಟ್ಟೆ ಅಂತ ಮಾರ್ತಿದ್ದೀರಾ, ಅತ್ತಿಗೆ?"

ಅತ್ತಿಗೆಯ ಗಂಡ ಒಳಗಿನಿಂದಲೇ ಕೂಗಿದ: "ಸಾಕು ಬಿಡ್ರೇ! ಫೋನಿನ ಕೆಲಸಕ್ಕೇನು ಕಮ್ಮಿ? ಕೂತಲ್ಲೇ ಸಂಬಳ."

"ಕೂತು ಕೂತು ನಾನೇ ಕುರ್ಚಿ ಆಗಿದೀನಿ. ನೀವು ಸುಮ್ನಿರಿ."

ತಾನು ಬರೆದದ್ದನ್ನು ತಾನೇ ಅಳಿಸಿದಳು. ಈ ಸಲ ಏನನ್ನೂ ಮುಟ್ಟದೆ, ಒಂದೊಂದೇ ರೂಟರಿನ ದಾರಿಗಳ ಪಟ್ಟಿ ತೆರೆದು "ಈ ದಾರಿ ನಿನಗೆ ಹೇಳಿದ್ದು ಯಾರು?" ಎಂದು ನೋಡುತ್ತ ಹೋದಳು. ಮೊದಲನೆಯ ದುಭಾಷಿ ಎರಡನೆಯದನ್ನು ತೋರಿಸಿತು. ಎರಡನೆಯದು ಮೊದಲನೆಯದನ್ನು.

"ಅಯ್ಯೋ, ಥೇಟ್ ನಮ್ಮ ಓರಗಿತ್ತಿ! ತಾನೇ ಹಬ್ಬಿಸಿದ ಸುದ್ದಿ ಸುತ್ತಿ ವಾಪಸ್ ಬಂದ್ರೆ, ಓ ಹೌದಾ ಅಂತ ನಂಬಿಬಿಡ್ತಾಳೆ."

"ಅವಳ ಬಾಯಿ ಕಟ್ಟೋಕಾಗಲ್ಲ. ಇವಕ್ಕೆ ಏನು ಮಾಡ್ತೀರಿ?"

"ದಾಟೋ ಸುದ್ದಿಗೆಲ್ಲ ಒಂದು ಗುರುತು. ಗುರುತಿರೋದು ತಿರುಗಿ ಬಂದ್ರೆ ಬಾಗಿಲು ಬಂದ್."

ಮೊದಲ ಸಲ ಬಾಗಿಲು ಹಾಕಿದ್ದು ತಪ್ಪು ಕಡೆಗೆ, ಬರಬೇಕಾದದ್ದೂ ಹೊರಗುಳಿಯಿತು. ನಾದಿನಿಯ ನಗು ಕೇಳಿಸಿಕೊಂಡೇ ಅಳಿಸಿ ಮತ್ತೆ ಬರೆದಳು. ಆಮೇಲೆ ಕೇಬಲ್ಲನ್ನು ತಾನೇ ಕಿತ್ತಳು. ಉತ್ತರ ಒಮ್ಮೆ ಮುಗ್ಗರಿಸಿ, ಇನ್ನೊಂದು ದಾರಿ ಹಿಡಿದು ಬಂತು.

ಸೋಮವಾರದ ಗಂಟೇ ಬೇರೆ. ಅವಳು ಅಂಥದ್ದನ್ನು ಕಂಡೇ ಇರಲಿಲ್ಲ. ಅಕ್ಕಪಕ್ಕದವರ ಬೆರಳು ಕೀಲಿಮಣೆಯ ಮೇಲೆ ಜಡಿಮಳೆಯಂತೆ ಬೀಳುತ್ತಿದ್ದರೆ ಇವಳು ಕೈಕಟ್ಟಿ ಓದುತ್ತ ಕೂತಳು. ಪರೀಕ್ಷೆ ನಡೆಸುತ್ತಿದ್ದ ನೆಟ್‌ವರ್ಕ್ ಕೋಣೆಯ ಹಿರಿಯರು, ಪಾಪ, ಇವಳು ಆಸೆ ಬಿಟ್ಟಳೆಂದುಕೊಂಡರು. ಒಂದೊಂದೇ ರೂಟರನ್ನು ವಿಚಾರಿಸಿ, ಕೊನೆಗೆ ಎರಡೇ ಸಾಲು ತಿದ್ದಿದಳು.

ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊಂಕು ಸಿಗಲಿಲ್ಲ.

"ಸರಿಯಮ್ಮ. ಮುಂದಿನ ವಾರದಿಂದ ಒಳಗೆ ಬನ್ನಿ."

ಅಷ್ಟರಲ್ಲಿ ಅತ್ತಿಗೆ ಕೋಣೆಯ ಆ ಖಾಲಿ ಜಾಗದ ಮೇಜಿನ ಧೂಳು ಒರೆಸುತ್ತಿದ್ದಳು.

"ಬಂದಾಯ್ತಲ್ಲ, ಸಾರ್."