ಕಟಕಟೆಯಲ್ಲಿ ಮಗ್ಗದ ಕೈಸನ್ನೆ

ನ್ಯಾಯಾಧೀಶರು ರಜೆ ಹಾಕಬಹುದಿತ್ತು. ಬನಹಟ್ಟಿಯಿಂದ ಬರಬೇಕಾದ ಸಾಕ್ಷಿಗೆ ಬಸ್ಸು ತಪ್ಪಬಹುದಿತ್ತು. ನಾನು ಮುದ್ರಿಸಿ ತಂದಿದ್ದ ಪುಟಗಳು ಹಿಂದುಮುಂದಾಗಬಹುದಿತ್ತು. ವಿಶ್ವಸಂಸ್ಥೆಯ ಒಪ್ಪಂದಕ್ಕೆ ಜಮಖಂಡಿಯಲ್ಲೇನು ಕೆಲಸ ಎಂದು ಎದುರಿನ ವಕೀಲರು ನಗಬಹುದಿತ್ತು. ನನಗೆ ಉತ್ತರ ಮರೆತುಹೋಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸವಿತಾ ನನಗಿಂತ ಚೆನ್ನಾಗಿ ಉತ್ತರಿಸಿಬಿಡಬಹುದಿತ್ತು.

ಅದು ಕೋವಿಡ್ ಇಳಿದ ವರ್ಷ. ನಾನು ಜಮಖಂಡಿಯಲ್ಲಿ ಸಿವಿಲ್ ವಕೀಲಿಕೆ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಸವಿತಾ ಜೂನಿಯರ್ ಆಗಿ ನನ್ನ ಕಚೇರಿ ಸೇರಿ ಎರಡು. ಕಕ್ಷಿದಾರಳು ಗಂಗವ್ವ, ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನ ಕೆಲಸಗಾರ್ತಿ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಶಾಲೆಯ ಮುಖ ಕಂಡವಳಲ್ಲ. ತಂದೆಯ ಮನೆಯಲ್ಲಿ ತನಗಿದ್ದ ಪಾಲನ್ನು ಬಿಟ್ಟುಕೊಟ್ಟಂತೆ ಅಣ್ಣ ಹಕ್ಕುಬಿಡುಗಡೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆ ಪತ್ರದಲ್ಲೇನಿದೆಯೆಂದು ಯಾರೂ ತಿಳಿಸಿರಲಿಲ್ಲ ಎಂಬುದನ್ನು ಅವಳೇ ಕೋರ್ಟಿಗೆ ಹೇಳಬೇಕಿತ್ತು. ಹೇಳಲಾಗದಿದ್ದರೆ ಮನೆ ಹೋದಂತೆಯೇ.

ಮೊದಲು ಅಧಿಕೃತ ಸಂಜ್ಞಾಭಾಷಾ ಇಂಟರ್‌ಪ್ರಿಟರ್ ಬಂದರು. ಅವರ ಒಂದು ಸನ್ನೆಯೂ ಗಂಗವ್ವನಿಗೆ ತಿಳಿಯಲಿಲ್ಲ. ನಾನು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ ಓದುತ್ತ ಕುಳಿತೆ. ಸವಿತಾ ಶೆಡ್ಡಿಗೆ ಹೋದಳು. ನಾಲ್ಕು ದಿನ ಅಲ್ಲಿ ಕೂತು ಬಂದು ಹೇಳಿದಳು:

"ಸರ್, ಮಗ್ಗದ ಸಪ್ಪಳದಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಂಗಿಲ್ರೀ. ಎಲ್ಲಾರೂ ಕೈಸನ್ನಿ ಮಾಡೇ ಮಾತಾಡ್ತಾರ. ಗಂಗಕ್ಕಂದೂ ಅದೇ ಭಾಷಾ. ಬಾಜೂ ಮಗ್ಗದ ಶಾಂತವ್ವನ್ನ ಕರಸೂಣು."

ನಾನು ಶಾಂತವ್ವನ ಹೆಸರು ಬರೆದುಕೊಂಡೆ. ಇಪ್ಪತ್ತೆರಡು ವರ್ಷ ಆ ಶೆಡ್ಡುಗಳ ಮುಂದೆಯೇ ಓಡಾಡಿದವನು ನಾನು.

ವಿಚಾರಣೆಯ ದಿನ, ಶಾಂತವ್ವನ ಬಳಿ ಇಂಟರ್‌ಪ್ರಿಟರ್ ಪ್ರಮಾಣಪತ್ರವಿಲ್ಲ ಎಂದು ಎದುರಿನ ವಕೀಲರು ಆಕ್ಷೇಪವೆತ್ತಿದರು. ನಾನು ಎದ್ದು ವಾದಿಸಿದೆ: ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಭಾರತ 2007ರಲ್ಲಿ ಅನುಮೋದಿಸಿತು. ಅಷ್ಟರಿಂದಲೇ ಅದು ನಮ್ಮಲ್ಲಿ ಕಾನೂನಾಗುವುದಿಲ್ಲ. ಸಂಸತ್ತು ಕಾಯ್ದೆ ಮಾಡಬೇಕು, 2016ರಲ್ಲಿ ಮಾಡಿತು. ಕಾಯ್ದೆ ಸುಮ್ಮನಿರುವ ಕಡೆ, ಅದಕ್ಕೆ ವಿರುದ್ಧವಾಗದಂತೆ, ಒಪ್ಪಂದದ ಬೆಳಕಿನಲ್ಲಿ ಅರ್ಥ ಮಾಡಬಹುದು. ಮಾತಿಲ್ಲದ ಭಾಷಾರೂಪಗಳನ್ನೂ ಭಾಷೆಯೆಂದೇ ಎಣಿಸುತ್ತದೆ ಒಪ್ಪಂದದ ಎರಡನೇ ವಿಧಿ.

ನ್ಯಾಯಾಧೀಶರ ಮುಖ ಸಡಿಲಲಿಲ್ಲ. ಆಗ ನಾನು, "ಒಪ್ಪಂದಕ್ಕ ಸಹಿ ಹಾಕೂದು ಲಗ್ನಾ ಗಟ್ಟಿ ಮಾಡೂ ಸಾಕರಪುಡಾ ಇದ್ದಂಗ್ರೀ ಸಾಹೇಬ್ರ, ಕಾಯ್ದೆ ಆದಾಗ ಲಗ್ನದ ಅಕ್ಕಿಕಾಳು ಬಿತ್ತು. ಈಗ ಸೊಸಿನ್ನ ಮನಿಯೊಳಗ ಕರಕೊಳ್ಳಾಕ ಬೇಕಲ್ರೀ" ಎಂದೆ. ಅವರು ನಕ್ಕರು. ಆ ಮಾತು ಸವಿತಾ ಹಿಂದಿನ ದಿನ ಶಾಂತವ್ವನಿಗೆ ಹೇಳಿದ್ದೆಂದು ನಾನು ತಿಳಿಸಲಿಲ್ಲ.

"ನೋಡೋಣ. ಅವರ ವಕೀಲರು ಯಾರು ಅಂತ ಅವರನ್ನೇ ಕೇಳಿ," ಎಂದು ನ್ಯಾಯಾಧೀಶರು ಶಾಂತವ್ವನಿಗೆ ಹೇಳಿದರು.

ಶಾಂತವ್ವನ ಕೈ ಆಡಿತು. ಗಂಗವ್ವ ನನ್ನನ್ನು ದಾಟಿ ಸವಿತಾಳತ್ತ ಬೆರಳು ತೋರಿಸಿದಳು.

ಕೋರ್ಟಿಗೆ ಕೊಟ್ಟ ವಕಾಲತ್ತು ಪತ್ರದಲ್ಲಿದ್ದದ್ದು ನನ್ನ ಹೆಸರೊಂದೇ. ಸವಿತಾಳ ಹೆಸರು ಸೇರಿಸಲು ಮರೆತಿದ್ದೆ; ಅದು ಅಷ್ಟೇನೂ ಪ್ರಾಮಾಣಿಕವಾದ ಮರೆವಲ್ಲ.

"ನೋಡ್ರಿ! ಇಕಿಗೆ ತನ್ನ ವಕೀಲ ಯಾರಂತನೂ ತಿಳಿಯಂಗಿಲ್ಲ!" ಎದುರಿನವರು ಎದ್ದು ನಿಂತರು.

ಗಂಗವ್ವ ಮತ್ತೆ ಕೈಯಾಡಿಸಿದಳು. ಶಾಂತವ್ವ ಹಿಂಜರಿಯುತ್ತಲೇ ಹೇಳಿದಳು: "ಕಾಗದ ಓದಾವ್ರು ಈ ಸಾಹೇಬ್ರ ಅಂತರೀ. ತನ್ನ ಮಾತು ತಿಳಕೊಂಡಾಕಿ ಆ ಅಕ್ಕ ಅಂತ."

"ಸಾಕು. ಇವರಿಗೆ ಎಲ್ಲಾ ತಿಳಿಯುತ್ತೆ," ಎಂದು ನ್ಯಾಯಾಧೀಶರು ಸಾಕ್ಷ್ಯ ತೆಗೆದುಕೊಂಡರು. ಮುಂದೆ ಪತ್ರ ರದ್ದಾಯಿತು. ಪಾಲು ಗಂಗವ್ವನಿಗೇ ಉಳಿಯಿತು.

ಒಪ್ಪಂದ ದೆಹಲಿ ದಾಟಿ ನನ್ನ ಮೇಜಿನವರೆಗೂ ಕಾಗದದ ಮೇಲೆ ಬಂದಿತ್ತು. ಅಲ್ಲಿಂದ ಶೆಡ್ಡಿನವರೆಗೆ ಯಾರಾದರೂ ನಡೆದೇ ಹೋಗಬೇಕೆಂದು ವೃತ್ತಿ ನನಗೆ ಕಲಿಸಿತು, ತಡವಾಗಿ.

ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆದ ಎಡವಟ್ಟು ಒಂದೇ: ಸಾಕ್ಷಿ ಹೇಳಿಕೆಯ ಮೊದಲ ಸಾಲಿನಲ್ಲಿ, ಗಂಗವ್ವನ ವಕೀಲರೆಂದು ಸವಿತಾಳ ಹೆಸರು ದಾಖಲಾಗಿಹೋಯಿತು. ತಿದ್ದುಪಡಿಗೆ ಅರ್ಜಿ ಬರೆದಿಟ್ಟೆ. ಸಲ್ಲಿಸಲಿಲ್ಲ.